ಗೋಲಿನ ಗೆರೆ ಬಿಟ್ಟು ಮುಂದೆ ನಿಂತವರು

ಗೋಲ್‌ಕೀಪರುಗಳಿಗೆ ಕಲಿಸುವ ಕೆಲಸಕ್ಕೆ ಬರಬೇಕೆಂದಿರುವ ಹುಡುಗ ಹುಡುಗಿಯರು ಈಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಕೋರ್ಸು ಮಾಡಬೇಕು, ಸರ್ಟಿಫಿಕೇಟು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನನಗೆ ಅದೆಲ್ಲ ಗೊತ್ತಿಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ. ಈ ಕೆಲಸದಲ್ಲಿ ಮೊದಲು ನಿಮ್ಮ ಮೊಣಕಾಲು ಹೋಗುತ್ತದೆ, ಆಮೇಲೆ ಗಂಟಲು. ತಂಡ ಗೆದ್ದರೆ ಫೋಟೋದಲ್ಲಿ ನಿಮಗೆ ಜಾಗ ಇರುವುದಿಲ್ಲ. ಸೋತರೆ ಎಲ್ಲರೂ ಮೊದಲು ಗೋಲಿನ ಕಡೆ ನೋಡುತ್ತಾರೆ, ಆಮೇಲೆ ನಿಮ್ಮ ಕಡೆ. ಇಷ್ಟು ಗೊತ್ತಿದ್ದೂ ಬರುವ ಮನಸ್ಸಿದ್ದರೆ ಮುಂದೆ ಓದಿ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ನಾನು ಹೇಳದಿದ್ದರೆ ಬೇರೆಯವರು ಹೇಗೂ ಹೇಳುತ್ತಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಗೋಲ್‌ಕೀಪಿಂಗ್ ಕಲಿಸಿದ ಈ ಜಲಜ ಸ್ವತಃ ಗೋಲಿನಲ್ಲಿ ನಿಂತು ಆಡಿದ್ದು ಎರಡು ಮಳೆಗಾಲ ಮಾತ್ರ. "ಆಡಿದ್ದೇ ಅಷ್ಟು, ಇವಳೇನು ಕಲಿಸುತ್ತಾಳೆ" ಎಂದು ಬೆನ್ನ ಹಿಂದೆ ಹೇಳಿದವರು ಬಹಳ ಮಂದಿ. ಎದುರಿಗೇ ಹೇಳಿದ ಧೈರ್ಯವಂತರೂ ಇದ್ದಾರೆ. ನನ್ನ ಎತ್ತರ ಐದಡಿ. ಚಪ್ಪಲಿ ಹಾಕಿದರೆ ಸ್ವಲ್ಪ ಹೆಚ್ಚು. ಇಷ್ಟು ಗಿಡ್ಡ ಇರುವವಳು ಗೋಲಿನಲ್ಲಿ ನಿಲ್ಲಬಹುದೇ, ನಿಲ್ಲಬಾರದೇ ಎಂಬ ಒಂದೇ ಜಗಳವನ್ನು ನಾನು ಆಯುಷ್ಯವಿಡೀ ಆಡಿದೆ. ಇನ್ನೂ ಮುಗಿದಿಲ್ಲ.

ನಮ್ಮ ಮನೆ ಆಂಟಾಪ್ ಹಿಲ್‌ನಲ್ಲಿತ್ತು. ಅಪ್ಪ ಉಡುಪಿ ಕಡೆಯವರು, ಪರೇಲ್‌ನ ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ವಾರಕ್ಕೊಮ್ಮೆ ತೆಂಗಿನಕಾಯಿಯ ಟೆಂಪೋ ಬರುತ್ತಿತ್ತು. ಹೋಟೆಲಿನ ಹಿಂದಿನ ಗಲ್ಲಿಯೊಳಗೆ ಟೆಂಪೋ ನುಗ್ಗುತ್ತಿರಲಿಲ್ಲವಾದ್ದರಿಂದ ರಸ್ತೆಯಿಂದ ಸ್ಟೋರಿನ ತನಕ ಕೆಲಸದವರು ಸಾಲಾಗಿ ನಿಂತು ಕಾಯಿಗಳನ್ನು ಒಬ್ಬರಿಂದೊಬ್ಬರಿಗೆ ಎಸೆದು ದಾಟಿಸುತ್ತಿದ್ದರು. ಜನ ಕಡಿಮೆ ಬಿದ್ದ ದಿನ ಕಾಲೇಜಿನಿಂದ ಬಂದ ನನ್ನನ್ನೂ ಸಾಲಿಗೆ ಸೇರಿಸುತ್ತಿದ್ದರು. ಸುಲಿದ ಕಾಯಿ ಬಂದು ಅಂಗೈಗೆ ಬಡಿಯುವ ಪೆಟ್ಟು ತಿಂದವರಿಗೇ ಗೊತ್ತು. ಕೈಯನ್ನು ಗಟ್ಟಿಯಾಗಿ ಒಡ್ಡಿದರೆ ಬೆರಳು ಬಾತುಕೊಳ್ಳುತ್ತದೆ. ಕಾಯಿ ಬರುವ ವೇಗದಲ್ಲೇ ಕೈಯನ್ನೂ ಹಿಂದಕ್ಕೆ ತಂದು, ಹೊಟ್ಟೆಯ ಪಕ್ಕಕ್ಕೆ ಇಳಿಸಿ, ಅದೇ ಓಟದಲ್ಲಿ ತಿರುಗಿ ಹಿಂದಿನವರಿಗೆ ದಾಟಿಸಬೇಕು. ಕೆಲವು ವಾರ ಬೆರಳಿಗೆ ಎಣ್ಣೆ ತಿಕ್ಕಿಕೊಂಡ ಮೇಲೆ ನನಗೂ ಅದು ಬಂತು.

ಸಂಜೆ ಚಹಾಕ್ಕೆ ಬರುತ್ತಿದ್ದ ಗಿರಾಕಿಗಳಲ್ಲಿ ದೇಸಾಯಿ ಸರ್ ಎಂಬವರಿದ್ದರು. ಬೆಳಗಾವಿ ಕಡೆಯವರು, ಮಿಲ್ಲಿನಲ್ಲಿ ಗುಮಾಸ್ತರು, ಒಂದು ಕಾಲದಲ್ಲಿ ಮಿಲ್ಲಿನ ಟೀಮಿನ ಗೋಲ್‌ಕೀಪರ್. ಹುಡುಗಿಯರ ಫುಟ್‌ಬಾಲ್ ಕ್ಲಬ್ಬೊಂದನ್ನು ಆಗಷ್ಟೇ ಕಟ್ಟಿದ್ದರು. ಓಡುವವರೆಲ್ಲ ಸಿಕ್ಕಿದ್ದರು, ಗೋಲಿನಲ್ಲಿ ನಿಲ್ಲುವವಳು ಸಿಕ್ಕಿರಲಿಲ್ಲ. ಮಗಳು ಓಡಲಿ ಎನ್ನುವ ತಂದೆ ತಾಯಿಯರಾದರೂ ಇದ್ದರು, ಮಗಳು ಕೆಸರಿಗೆ ಬೀಳಲಿ ಎನ್ನುವವರು ಯಾರು? ಒಂದು ದಿನ ಸರ್ ಕೈಯಲ್ಲಿ ಚಹಾದ ಲೋಟ ಹಿಡಿದು ಗಲ್ಲಿಗೇ ಬಂದು, ಟೆಂಪೋ ಖಾಲಿಯಾಗುವ ತನಕ ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಅಪ್ಪನನ್ನು ಕೇಳಿದರು.

"ಈ ಹುಡುಗಿ ಯಾರಕಿ ರೀ?"

"ನನ್ನ ಮಗಳೇ. ಯಾಕೆ, ಎಂತ ಆಯ್ತು?"

"ಆಕೀನ್ನ ನನಗ ಕೊಡ್ರಿ."

ಅಪ್ಪನ ಮುಖ ನೋಡಬೇಕಿತ್ತು. "ಅವಳಿಗೆ ಈಗ ಮದುವೆ ಮಾಡ್ಲಿಕ್ಕಿಲ್ಲ ಮಾರಾಯ್ರೇ, ಓದ್ತಾ ಇದ್ದಾಳೆ" ಎಂದರು. ಸರ್ ಹಣೆ ಬಡಿದುಕೊಂಡರು. "ಮದುವಿ ಮಾತು ಯಾರು ತಗದ್ರು? ಗೋಲಿನ್ಯಾಗ ನಿಂದರಸಾಕ ಕೇಳಾಕತ್ತೇನಿ!"

ಮನೆಯಲ್ಲಿ ಅಮ್ಮ ಒಂದೇ ಮಾತು ಕೇಳಿದರು: "ಕೆಸರಿನಲ್ಲಿ ಹೊರಳ್ಲಿಕ್ಕೆ ನೀನೆಂತ ಎಮ್ಮೆಯಾ?" ಅಪ್ಪ ಎರಡು ದಿನ ಯೋಚಿಸಿ, ಉದ್ದದ ಪ್ಯಾಂಟು ಹಾಕುವುದಾದರೆ ಆಗಬಹುದು ಎಂದರು. ಮ್ಯಾಚಿಗೆ ತಾವೂ ಬರುವುದಾಗಿ ಹೇಳಿದರು. ಕಾವಲಿಗೆ ಎಂದು ಬಂದವರು ನನಗಿಂತ ದೊಡ್ಡ ಮರುಳರಾದರು, ಆ ಮಾತು ಬೇರೆ.

ಈಗಿನವರಿಗೆ ನಂಬಲು ಕಷ್ಟ, ಆಗ ಈ ಊರಿನ ಮೈದಾನಗಳು ಒಣಗಿರುವಷ್ಟು ಕಾಲ ಕ್ರಿಕೆಟ್‌ನವರ ಪಾಲು. ಮಳೆ ಹಿಡಿದು ಅವರು ಸ್ಟಂಪು ಕಿತ್ತುಕೊಂಡು ಹೋದ ಮೇಲೆ ನಮ್ಮ ಸರದಿ. ಮೈದಾನದಲ್ಲಿ ಬೇರೆಲ್ಲ ಕಡೆ ಹುಲ್ಲಿದ್ದರೂ ಗೋಲಿನ ಬಾಯಲ್ಲಿ ಮಾತ್ರ ಹೊಂಡ, ಅದರೊಳಗೆ ಮೊಣಗಂಟಿನವರೆಗೆ ಕೆಸರು. ಆ ಹೊಂಡದೊಳಗೆ, ಸರಿಯಾಗಿ ಗೆರೆಯ ಮೇಲೆ, ನಾನು ಮೊದಲ ಮ್ಯಾಚಿಗೆ ನಿಂತೆ. ಬಹಳ ಹೊತ್ತು ಯಾರೂ ನನ್ನ ಕಡೆ ಬರಲೇ ಇಲ್ಲ. ಆಮೇಲೆ ದೂರದಿಂದ ಒಬ್ಬಳು ಬಾಲನ್ನು ಎತ್ತರಕ್ಕೆ ಹೊಡೆದಳು. ನೇರ ನನ್ನ ಎದೆಗೇ ಬಂತು. ನಾನು ಕಾಯಿ ಹಿಡಿದ ಹಾಗೆಯೇ ಹಿಡಿದೆ: ಕೈಯನ್ನು ಹಿಂದಕ್ಕೆ ತಂದೆ, ಹೊಟ್ಟೆಯ ಪಕ್ಕಕ್ಕೆ ಇಳಿಸಿದೆ, ಅಭ್ಯಾಸಬಲದಲ್ಲಿ ತಿರುಗಿ ಹಿಂದಿನವರಿಗೆ ದಾಟಿಸಲು ಹೋದೆ. ಹಿಂದೆ ಇದ್ದದ್ದು ಬಲೆ.

ರೆಫ್ರಿ ಸೀಟಿ ಊದಿ ಗೋಲು ಕೊಟ್ಟರು. ಎದುರಾಳಿಗಳಿಗೆ ಕುಣಿಯಲೂ ಆಗದಷ್ಟು ನಗು. ಆಟದ ಗಂಧಗಾಳಿ ಇಲ್ಲದ ಅಪ್ಪ ಮಾತ್ರ ಕೊಡೆ ಎತ್ತಿ "ಹಿಡಿದಳು! ಹಿಡಿದಳು!" ಎಂದು ಕೂಗುತ್ತಿದ್ದರು. ಗೋಲ್‌ಕೀಪರುಗಳು ಮಾಡುವ ತಪ್ಪುಗಳನ್ನು ಆಮೇಲೆ ಎಷ್ಟೋ ನೋಡಿದೆ. ಹಿಡಿದ ಬಾಲನ್ನು ಜೋಪಾನವಾಗಿ ತಾವೇ ಒಳಗೆ ಒಯ್ದು ಇಟ್ಟವರನ್ನು ಇನ್ನೂ ನೋಡಿಲ್ಲ.

ಆಟ ಮುಗಿದ ಮೇಲೆ ಬೈಗುಳ ಕಾಯುತ್ತ ನಿಂತಿದ್ದೆ. ದೇಸಾಯಿ ಸರ್ ನನ್ನ ಎರಡೂ ಅಂಗೈ ತಿರುಗಿಸಿ ನೋಡಿದರು.

"ಹಿಡಿಯೂದು ಛಲೋ ಐತಿ ತಂಗಿ. ಅದನ್ನ ಬದಲಿ ಮಾಡಬ್ಯಾಡ. ನಿಂದರೂ ಜಾಗಾ ಬದಲಿ ಮಾಡು. ಗೆರಿ ಬಿಟ್ಟು ಮುಂದ ಬಾ."

"ಮುಂದೆ ಬಂದ್ರೆ ತಲೆ ಮೇಲಿಂದ ಹಾಕ್ತಾರಲ್ಲ ಸರ್?"

"ಎತ್ತಿ ಹಾಕಾಕ ಬರೋರು ನೂರಕ್ಕ ಒಬ್ಬರು. ನೇರ ಬಡಿಯೋರು ಉಳಿದವರೆಲ್ಲ. ನೀ ಯಾರಿಗೆ ಅಂಜಬೇಕು, ಹೇಳು?"

ನಾನು ಮುಂದೆ ಬಂದೆ. ಕಣ್ಣಿನ ಹತ್ತಿರ ಬೆರಳು ಹಿಡಿದರೆ ಎದುರಿನ ಬಿಲ್ಡಿಂಗೇ ಮರೆಯಾಗುತ್ತದಲ್ಲ, ಹಾಗೆ ಹೊಡೆಯುವವಳ ಹತ್ತಿರ ಹೋದಷ್ಟೂ ನನ್ನ ಹಿಂದಿನ ಗೋಲು ಅವಳಿಗೆ ಸಣ್ಣದಾಗುತ್ತಿತ್ತು. ಕೆಲವು ಬಾಲುಗಳು ತಲೆಯ ಮೇಲಿಂದ ಹೋದವು, ನಿಜ. ಗೆರೆಯ ಮೇಲೇ ನಿಂತಿದ್ದರೆ ತಿನ್ನಬೇಕಿದ್ದ ಗೋಲುಗಳಿಗೆ ಹೋಲಿಸಿದರೆ ಅವು ಏನೂ ಅಲ್ಲ. ಎರಡನೇ ಮಳೆಗಾಲದ ಹೊತ್ತಿಗೆ ನಮ್ಮ ಕ್ಲಬ್ಬಿನ ಗೋಲು ಗಟ್ಟಿ ಎಂದು ಜನ ಹೇಳತೊಡಗಿದ್ದರು.

ಆಗಲೇ ಊರಿನ ತಂಡಕ್ಕೆ ಆಯ್ಕೆ ನಡೆಯಿತು. ಆಯ್ಕೆಗೆ ಬಂದಿದ್ದ ಸಾಹೇಬರು ಗೋಲಿನ ಕಂಬದ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, ಕೀಪರುಗಳನ್ನು ಒಬ್ಬೊಬ್ಬರನ್ನಾಗಿ ಅದರ ಪಕ್ಕ ನಿಲ್ಲಿಸಿದರು. ನನ್ನ ತಲೆ ಗುರುತಿಗಿಂತ ಬಹಳ ಕೆಳಗಿತ್ತು. "ಹೈಟ್ ನಹೀ ಹೈ ಬೇಟೀ" ಎಂದರು. ನಾನು ಸುಮ್ಮನೆ ಹೋಗಲಿಲ್ಲ. "ಸಾಬ್, ಏಕ್ ಬಾರ್ ಬಾಲ್ ಮಾರ್‌ಕೆ ತೋ ದೇಖೋ" ಎಂದೆ. ಅವರು ಬಾಲಿನ ಕಡೆ ನೋಡಲೂ ಇಲ್ಲ. ಒಂದೇ ಒಂದು ಬಾಲ್ ಹೊಡೆಯದೆ ಗೋಲ್‌ಕೀಪರನ್ನು ಆರಿಸಿದ ಮಹಾನುಭಾವರು!

ಅದಕ್ಕಿಂತ ನೋವಾದದ್ದು ನಮ್ಮ ಕ್ಲಬ್ಬಿನವರು ಮಾಡಿದ್ದು. ಸಾಹೇಬರ ಗುರುತನ್ನು ನೋಡಿದವರೇ ಒಬ್ಬಳು ಎತ್ತರದ ಹುಡುಗಿಯನ್ನು ಕರೆತಂದರು. ಹೆಸರು ಶೈಲಾ, ಅದುವರೆಗೆ ಬಾಸ್ಕೆಟ್‌ಬಾಲ್ ಆಡಿದವಳು. ದೇಸಾಯಿ ಸರ್ ಒಬ್ಬರೇ ನನ್ನ ಪರ ಕೂಗಾಡಿದರು. ಅಧ್ಯಕ್ಷರು ಮಾತ್ರ ಜಲಜಳೂ ಒಳ್ಳೆಯವಳು, ಶೈಲಳೂ ಒಳ್ಳೆಯವಳು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನಾನು ರಿಸರ್ವ್ ಆಗಿ ಕೂತು ನೀರಿನ ಬಾಟಲಿ ಹೊರಬಹುದು ಎಂದಾಯಿತು. ನಾನು ಅಲ್ಲಿಂದಲೇ ಮನೆಗೆ ಹೋದೆ. "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಮಗಾ" ಎಂದು ಅಮ್ಮ ಸಮಾಧಾನ ಮಾಡಲು ಬಂದರೆ ಇನ್ನಷ್ಟು ಉರಿಯಿತು. ಕೀರ್ತಿ ಯಾರಿಗೆ ಬೇಕಿತ್ತು? ನನಗೆ ಬೇಕಾಗಿದ್ದದ್ದು ಆ ಕೆಸರಿನ ಹೊಂಡ. ಅಂದಿನ ಅವಮಾನ ಇಂದಿಗೂ ಆರಿಲ್ಲ, ಆರಲಿ ಎಂಬ ಆಸೆಯೂ ನನಗಿಲ್ಲ. ಆಟಗಾರ್ತಿಯಾಗಿ ನನ್ನ ಚರಿತ್ರೆ ಅಲ್ಲಿಗೆ ಮುಗಿಯಿತು.

ಕೆಲವು ದಿನಗಳ ಮೇಲೆ ಶೈಲಾ ನಮ್ಮ ಮನೆಯ ಬಾಗಿಲು ತಟ್ಟಿದಳು. ಅಮ್ಮ ಒಳಗೆ ಬಾ ಎನ್ನಲಿಲ್ಲ. ಆ ಉದ್ದದ ಹುಡುಗಿ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತು, "ಜಲಜಕ್ಕ, ಕೆಳಗಿಂದ ಬರುವ ಬಾಲಿಗೆ ನಂಗೆ ಬಗ್ಗಲಿಕ್ಕೇ ಆಗುದಿಲ್ಲ. ಸ್ವಲ್ಪ ಹೇಳಿಕೊಡ್ತೀರಾ?" ಎಂದು ಕೇಳಿದಳು. ನನ್ನ ಜಾಗ ಕಿತ್ತುಕೊಂಡವಳು! ಬೈದು ಕಳಿಸಬೇಕೆಂದೇ ಬಾಯಿ ತೆರೆದೆ. ಆದರೆ ಮರುದಿನ ಅವಳ ಗೋಲಿನ ಹಿಂದೆ ಹೋಗಿ ನಿಂತಿದ್ದೆ. ಯಾಕೆ ಕಲಿಸಿದೆ ಎಂದು ಈಗಲೂ ಕೇಳುತ್ತಾರೆ. ದೊಡ್ಡ ಮನಸ್ಸು ಗಿಡ್ಡ ಮನಸ್ಸು ಏನೂ ಇರಲಿಲ್ಲ. ನನಗೆ ಗೋಲಿನ ಹತ್ತಿರ ಇರಬೇಕಿತ್ತು, ಬಲೆಯ ಹಿಂದೆಯಾದರೂ ಸರಿ. ನನ್ನ ವೃತ್ತಿ ಶುರುವಾದದ್ದು ಹೀಗೆ.

ದೇಸಾಯಿ ಸರ್ ಹೇಳಿಕಳಿಸಿ ಜೋಗೇಶ್ವರಿಯ ಒಂದು ಶಾಲೆಯಲ್ಲಿ ನನಗೆ ಕೆಲಸ ಕೊಡಿಸಿದರು. ಅಲ್ಲಿನ ಆಟದ ಮಾಸ್ತರರು ಪಾಟೀಲರು, ನನ್ನ ಮೇಲಿನವರು. ಗೋಲ್‌ಕೀಪರನ್ನು ತಯಾರಿಸುವ ಅವರ ಪದ್ಧತಿ ಬಹಳ ಸುಲಭದ್ದು. ಒಬ್ಬನನ್ನು ಗೋಲಿನಲ್ಲಿ ನಿಲ್ಲಿಸುವುದು, ಉಳಿದವರೆಲ್ಲ ಸಾಲು ಹಿಡಿದು ಅವನಿಗೆ ಬಡಿಯುವುದು. ಏಳುವುದರೊಳಗೆ ಇನ್ನೊಂದು, ಅದು ಮುಖಕ್ಕೆ ಬಿದ್ದು ಕಣ್ಣೊರೆಸಿಕೊಳ್ಳುವುದರೊಳಗೆ ಮತ್ತೊಂದು. ಇದರಿಂದ ಹುಡುಗ ಗಟ್ಟಿಯಾಗುತ್ತಾನೆ ಎಂದು ಅವರ ನಂಬಿಕೆ. ಹುಡುಗ ಗಟ್ಟಿಯಾಗುತ್ತಿರಲಿಲ್ಲ, ಬಾಲ್ ಬಂದಾಗ ಕಣ್ಣು ಮುಚ್ಚುವುದನ್ನು ಕಲಿಯುತ್ತಿದ್ದ. ಎಷ್ಟು ಹೇಳಿದರೂ ಅವರು ಕೇಳದಾಗ, "ಸರ್, ಒಮ್ಮೆ ನೀವೇ ನಿಂತು ತೋರಿಸಿ, ಮಕ್ಕಳಿಗೆ ಉತ್ಸಾಹ ಬರ್ತದೆ" ಎಂದೆ. ಪಾಪ, ಪ್ಯಾಂಟು ಮಡಚಿ ನಿಂತೇಬಿಟ್ಟರು. ಮಕ್ಕಳಿಗೆ ನಿಜವಾಗಿಯೂ ಉತ್ಸಾಹ ಬಂತು. ಸ್ವಲ್ಪ ಹೊತ್ತಿಗೇ ಎರಡೂ ಕೈ ಮುಂದೆ ಮಾಡಿ "ಬಸ್, ಬಸ್!" ಎಂದು ಕೂಗಿದರು. ಅಂದಿನಿಂದ ಕೀಪರುಗಳನ್ನು ನನಗೆ ಬಿಟ್ಟುಕೊಟ್ಟರು, ನನ್ನ ಜೊತೆ ಮಾತು ಬಿಟ್ಟದ್ದೂ ಅಂದಿನಿಂದಲೇ.

ಆ ಶಾಲೆಯಲ್ಲಿ ಸಮೀರ್ ಎಂಬ ಕೀಪರ್ ಇದ್ದ. ಕೈ ಚೆನ್ನಾಗಿತ್ತು, ಬಾಯಿ ಮಾತ್ರ ಇರಲಿಲ್ಲ. ಗೋಲ್‌ಕೀಪರಿಗೆ ಇಡೀ ಮೈದಾನ ಕಾಣುತ್ತದೆ, ಮುಂದಿದ್ದವರಿಗೆ ಹಿಂದೆ ಯಾರು ಬರುತ್ತಿದ್ದಾರೆ ಎಂದು ಕೂಗಿ ಹೇಳುವುದು ಅವನ ಅರ್ಧ ಕೆಲಸ. ಇವನ ಗಂಟಲಿನಿಂದ ಸ್ವರ ಹೊರಡುತ್ತಿರಲಿಲ್ಲ. ಅವನ ಅಪ್ಪ ಸ್ಟೇಷನ್ ಹೊರಗೆ ಕೈಗಾಡಿಯಲ್ಲಿ ತರಕಾರಿ ಮಾರುತ್ತಿದ್ದರು. ಅವರ ಹತ್ತಿರ ಹೋಗಿ, ಸಂಜೆ ಲೋಕಲ್ ರೈಲು ಬರುವ ಹೊತ್ತಿಗೆ ಇವನೇ ಕೂಗಿ ಗಿರಾಕಿ ಕರೆಯಲಿ ಎಂದು ಗೊತ್ತು ಮಾಡಿದೆ. ಮೊದಲ ದಿನ "ಕಾಂದಾ ಬಟಾಟಾ" ಎಂದದ್ದು ಪಕ್ಕದಲ್ಲಿ ನಿಂತ ನನಗೂ ಕೇಳಿಸಲಿಲ್ಲ. ತಿಂಗಳಾಗುವಷ್ಟರಲ್ಲಿ ಪ್ಲಾಟ್‌ಫಾರ್ಮಿನಿಂದಲೇ ಅವನ ಕೂಗು ಕೇಳುತ್ತಿತ್ತು. ಆಮೇಲೆ ಟೀಮಿನವರೇ ಬಂದು, "ಟೀಚರ್, ಇವನ ಬಾಯಿ ಮುಚ್ಚಿಸಿ" ಎಂದು ದೂರು ಕೊಟ್ಟರು.

ಶಾಲೆ ಬಿಟ್ಟು ಅದೇ ಜೋಗೇಶ್ವರಿಯ ಒಂದು ಕ್ಲಬ್ಬಿಗೆ ಸೇರಿದೆ, ಕೊನೆಯ ತನಕ ಅಲ್ಲೇ ಇದ್ದೆ. ಪದ್ಧತಿಗಳು ನನ್ನ ಕಣ್ಣೆದುರೇ ಬದಲಾದವು. ಮೊದಲು ಪಕ್ಕದ ಬಡಗಿ ಶೆಡ್ಡುಗಳಿಂದ ಮರದ ಹೊಟ್ಟು ಹೊತ್ತು ತಂದು ಗೋಲಿನ ಹೊಂಡಕ್ಕೆ ಸುರಿಯುತ್ತಿದ್ದೆವು. ಆ ಹೊಟ್ಟು ಕೀಪರಿನ ಕಿವಿ ಮೂಗುಗಳಲ್ಲಿ ವಾರಗಟ್ಟಲೆ ಇರುತ್ತಿತ್ತು. ಬರಿಗೈ ಹೋಗಿ ಗ್ಲೌಸು ಬಂತು. ನಮ್ಮವರೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಬಾಲನ್ನು ಕೀಪರ್ ಕೈಯಿಂದ ಮುಟ್ಟಬಾರದು ಎಂಬ ನಿಯಮ ಬಂದಾಗ ಕೀಪರುಗಳೆಲ್ಲ ತಲೆ ಮೇಲೆ ಕೈ ಹೊತ್ತರು. ನಾನು ಮಾತ್ರ ಖುಷಿಪಟ್ಟೆ. ಇನ್ನು ಕಂಬದಂತೆ ನಿಂತರೆ ಸಾಲದು, ಕಾಲಿನಲ್ಲೂ ಆಡಬೇಕು, ಮುಂದೆ ಬರಬೇಕು. ನನಗೆ ಅದೇ ತಾನೇ ಬೇಕಾಗಿದ್ದದ್ದು? ಪ್ಲಾಸ್ಟಿಕ್ ಹುಲ್ಲಿನ ಮೈದಾನ ಬಂದ ಮೊದಲ ದಿನ ಕೆಸರಿಗೆ ಹಾರುವ ಹಾಗೆಯೇ ಹಾರಿ ಎಂದು ಮಕ್ಕಳಿಗೆ ಹೇಳಿ, ಎಲ್ಲರ ತೊಡೆಯ ಚರ್ಮ ಕೀಳಿಸಿ, ಮನೆಮನೆಗೆ ಹೋಗಿ ಬೈಸಿಕೊಂಡು ಬಂದೆ. ಈಗ ಮೊಬೈಲಿನಲ್ಲಿ ಎಲ್ಲವನ್ನೂ ವಿಡಿಯೋ ಮಾಡುತ್ತಾರೆ. ಒಳ್ಳೆಯದೇ. ಯಾರ ತಪ್ಪು ಎಂದು ಕಟಿಂಗ್ ಚಹಾ ಆರುವ ತನಕ ಜಗಳವಾಡುವುದು ತಪ್ಪಿತು.

ಬದಲಾಗದೇ ಉಳಿದದ್ದು ಆ ಸೀಮೆಸುಣ್ಣದ ಗುರುತು. ಕಂಬದ ಮೇಲಿಂದ ಅದು ಕಂಪ್ಯೂಟರಿನೊಳಗೆ ಹೋಯಿತು, ಅಷ್ಟೇ.

ನನ್ನ ಕೊನೆಯ ವರ್ಷಗಳಲ್ಲಿ ಭಾಗ್ಯ ಎಂಬ ಹುಡುಗಿ ಬಂದಳು. ವಿಜಯಪುರ ಕಡೆಯವರ ಮಗಳು, ಆಂಟಾಪ್ ಹಿಲ್‌ನಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನವಳು. ಮನೆಯಲ್ಲಿ ಅಜ್ಜಿಯ ಕನ್ನಡ, ಹೊರಗೆಲ್ಲ ಹಿಂದಿ, ಅವಳ ಬಾಯಲ್ಲಿ ಎರಡೂ ಕಲಸಿ ಬರುತ್ತಿತ್ತು. ವಡಾಲಾದಲ್ಲಿ ಹಾರ್ಬರ್ ಲೋಕಲ್ ಹತ್ತಿ ಇಬ್ಬರೂ ಒಟ್ಟಿಗೇ ಜೋಗೇಶ್ವರಿಗೆ ಹೋಗುತ್ತಿದ್ದೆವು. ಅವಳು ನನಗಿಂತ ಎರಡು ಬೆರಳು ಎತ್ತರ ಇರಬಹುದು. ಕಾಲಿನಲ್ಲಿ ಸ್ಪ್ರಿಂಗು, ಕಣ್ಣಿನಲ್ಲಿ ಹಟ. ಗೆರೆ ಬಿಟ್ಟು ಮುಂದೆ ನಿಲ್ಲಲು ಅವಳಿಗೆ ಒಂದೇ ಸಲ ಹೇಳಿದ್ದೆ. ಹೊಡೆಯುವವಳು ಕಾಲೆತ್ತುವುದರೊಳಗೆ ಇವಳು ಅವಳ ಕಾಲ ಬುಡದಲ್ಲಿರುತ್ತಿದ್ದಳು.

ಆ ವರ್ಷ ಕ್ಲಬ್ಬಿಗೆ ರೋಹನ್ ಎಂಬ ಹೊಸ ಮುಖ್ಯ ಕೋಚ್ ಬಂದರು. ಮೂಲ ಧಾರವಾಡ, ಹುಟ್ಟಿ ಬೆಳೆದದ್ದು ಇಲ್ಲೇ. ಕೆಟ್ಟವರಲ್ಲ. ಕೆಲಸ ಬಲ್ಲವರು, ವಯಸ್ಸಿಗೆ ಮರ್ಯಾದೆ ಕೊಡುವವರು. ಹಾಗಿದ್ದೇ ಒಂದು ಸಂಜೆ ನನ್ನನ್ನು ಪಕ್ಕಕ್ಕೆ ಕರೆದರು.

"ಮ್ಯಾಡಮ್, ಭಾಗ್ಯಾ ಸೂಪರ್ ಇದಾಳೆ. ಲೇಕಿನ್ ಹೈಟ್ ಕಮ್ಮಿ ಇದೆ ಅಲ್ವಾ? ಮೇಲಿನ ಲೆವೆಲ್‌ನಲ್ಲಿ ಪ್ರಾಬ್ಲಮ್ ಆಗತ್ತೆ. ಸ್ಪೀಡ್ ಇದೆ, ಗೋಲಿಂದ ತೆಗೆದು ಸೈಡಲ್ಲಿ ಓಡೋಕೆ ವಿಂಗ್‌ನಲ್ಲಿ ಆಡಿಸೋಣ."

"ಅವಳನ್ನು ಕೇಳಿದ್ರಾ?"

"ಅವಳ ಫ್ಯೂಚರ್‌ಗೇ ಹೇಳ್ತಾ ಇದೀನಿ, ಮ್ಯಾಡಮ್."

ಅಷ್ಟು ಮೃದುವಾಗಿ ಹೇಳಿದ್ದೇ ನನಗೆ ಹೆಚ್ಚು ಸಿಟ್ಟು ತರಿಸಿತು. "ಹಾಗಾದ್ರೆ ಕೇಳಿ" ಎಂದೆ. "ಲೀಗಿನ ಕೊನೆಯ ಮ್ಯಾಚ್ ಉಂಟಲ್ಲ, ಅದರಲ್ಲಿ ಅವಳೇ ನಿಲ್ಲಲಿ. ತಲೆ ಮೇಲಿಂದ ಹೋದ ಗೋಲಿನಿಂದ ಸೋತ್ರೆ ಅವಳನ್ನು ಎಲ್ಲಿ ಬೇಕಾದ್ರೂ ಆಡಿಸಿ, ನಾನೂ ಈ ಕೆಲಸ ಬಿಟ್ಟು ಮನೆಗೆ ಹೋಗ್ತೇನೆ. ಸೋಲದಿದ್ರೆ ಅವಳ ಎತ್ತರದ ಮಾತು ಇನ್ನು ಎತ್ತಬಾರದು."

"ಅರೇ, ಶರತ್ತು ಯಾಕೆ ಮ್ಯಾಡಮ್?"

"ನಂಗೆ ಸಿಟ್ಟು ಬಂದಿದೆ, ಅದಕ್ಕೆ."

ಲೋಕಲ್‌ನಲ್ಲಿ ಭಾಗ್ಯಳಿಗೆ ಅವಳ ಪಾಲಿನದನ್ನು ಮಾತ್ರ ಹೇಳಿದೆ, ನನ್ನ ಕೆಲಸದ ಮಾತು ಹೇಳಲಿಲ್ಲ. ಅವಳು ಕಿಟಕಿಯ ಹೊರಗೆ ನೋಡುತ್ತ, "ನಂಗ ವಿಂಗ್ ನಕೋ ಟೀಚರ್. ನಾ ಗೋಲ್‌ನಾಗಽ ಇರಾಕಿ" ಎಂದಳು.

ಕೊನೆಯ ಮ್ಯಾಚಿನಲ್ಲಿ ನಮಗೆ ಸಮ ಆದರೂ ಸಾಕಿತ್ತು. ಎದುರಾಳಿಗಳಲ್ಲಿ ಒಬ್ಬಳು ಫಾರ್ವರ್ಡ್ ಬಹಳ ಚುರುಕಿನವಳು. ಮೊದಲರ್ಧದಲ್ಲಿ ಎರಡು ಸಲ ಅವಳು ಒಬ್ಬಳೇ ಮುನ್ನುಗ್ಗಿ ಬಂದಳು, ಎರಡು ಸಲವೂ ಭಾಗ್ಯ ಮುಂದೆ ಓಡಿ ಕಾಲಿನಿಂದ, ಎದೆಯಿಂದ ತಡೆದಳು. ಕಾರ್ನರಿನಿಂದ ಅವರಿಗೆ ಒಂದು ಗೋಲು ಸಿಕ್ಕಿತು, ನಾವೂ ಒಂದು ಹೊಡೆದೆವು. ನಾನು ಅಭ್ಯಾಸದಂತೆ ಬಲೆಯ ಹಿಂದೆ ನಿಂತಿದ್ದೆ. ಆಟ ಮುಗಿಯುವ ಹೊತ್ತಿಗೆ ಅದೇ ಫಾರ್ವರ್ಡ್ ಮತ್ತೆ ಒಬ್ಬಳೇ ಬಂದಳು. ಈ ಸಲ ಅವಳ ಕಣ್ಣು ಬಾಲಿನ ಮೇಲಿರಲಿಲ್ಲ, ಭಾಗ್ಯಳ ತಲೆಯ ಮೇಲಿನ ಖಾಲಿ ಜಾಗವನ್ನು ನೋಡುತ್ತಿತ್ತು. ಎತ್ತಿ ಹಾಕುತ್ತಾಳೆ ಎಂದು ನನಗೆ ಹೊಳೆಯಿತು. ಅದರ ಜೊತೆಗೇ ನನ್ನ ಶರತ್ತು ನೆನಪಾಯಿತು, ನಾಳೆಯಿಂದ ಮೈದಾನ ಇಲ್ಲದ ನನ್ನ ಬೆಳಗುಗಳು ಕಣ್ಣಿಗೆ ಬಂದವು. ಬಾಯಿ ತೆರೆದೇಬಿಟ್ಟೆ.

"ಹಿಂದೆ! ಭಾಗ್ಯಾ, ಹಿಂದೆ ಹೋಗು! ಗೆರೆಗೆ ಹೋಗು!"

ಸಮೀರನಿಗೆ ಕೂಗಲು ಕಲಿಸಿದ ಗಂಟಲು ಅದು; ಮೈದಾನಕ್ಕೆಲ್ಲ ಕೇಳಿಸಿತು. ಭಾಗ್ಯಳಿಗೂ ಕೇಳಿಸಿತು. ತಿರುಗಿ ನೋಡದೆ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಇನ್ನೂ ಮುಂದಕ್ಕೆ ಹೋದಳು.

ಫಾರ್ವರ್ಡ್ ಎತ್ತಿ ಹಾಕಿದಳು. ಭಾಗ್ಯ ಹಿಂದಕ್ಕೆ ಹಾರಿದ್ದು, ಬಾಲ್ ಅವಳ ಬೆರಳ ತುದಿಗೆ ತಾಗಿದ್ದು ಎರಡೂ ನಿಜ. ಅದು ಒಂದು ಪುಟ ಪುಟಿದು ನನ್ನ ಕಾಲ ಮುಂದೆಯೇ ಬಲೆಗೆ ಬಿತ್ತು. ಅವಳು ಎದ್ದು, ಬಾಲನ್ನು ತೆಗೆದು, ನನ್ನ ಮುಖ ನೋಡದೆ ನಡು ಮೈದಾನಕ್ಕೆ ಎಸೆದಳು. ಹೋಗಿ ಮತ್ತೆ ಗೆರೆ ಬಿಟ್ಟು ಮುಂದೆ, ಅದೇ ಜಾಗದಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ ಬಿತ್ತು. ನಾವು ಸೋತಿದ್ದೆವು.

ರೋಹನ್ ನನ್ನ ಹತ್ತಿರ ಬಂದರು. ಕ್ಲಬ್ಬಿನ ಸೆಕ್ರೆಟರಿಯೂ ಜೊತೆಗಿದ್ದರು. ನನ್ನನ್ನು ಉಳಿಸಿಕೊಳ್ಳಬೇಕೆಂಬ ಮನಸ್ಸು ಅವರಿಬ್ಬರ ಮುಖದಲ್ಲೂ ಇತ್ತು.

"ಮ್ಯಾಡಮ್, ನಾನು ಕೇಳಿದೆ. ನೀವು ಹಿಂದೆ ಹೋಗು ಅಂತ ಬರಾಬರ್ ಹೇಳಿದ್ರಿ. ಅವಳೇ ಕೇಳಲಿಲ್ಲ. ನಿಮ್ಮ ಮಿಸ್ಟೇಕ್ ಇಲ್ಲ. ಶರತ್ತು ಕ್ಯಾನ್ಸಲ್, ನೀವು ಇರಿ."

"ಹೌದು" ಎಂದರೆ ಸಾಕಾಗಿತ್ತು. ಭಾಗ್ಯ ಕಂಬಕ್ಕೆ ಒರಗಿ ಕೂತು, ಗ್ಲೌಸಿನ ಪಟ್ಟಿಯನ್ನು ಹಲ್ಲಿನಿಂದ ಎಳೆಯುತ್ತಿದ್ದಳು. ರೋಹನ್ ಹೇಳಿದ್ದೆಲ್ಲ ಅವಳಿಗೆ ಕೇಳಿಸಿತ್ತು. ನನ್ನ ಕೆಲಸವೂ ಪಣಕ್ಕೆ ಬಿದ್ದಿತ್ತೆಂದು ಅವಳಿಗೆ ಗೊತ್ತಾದದ್ದು ಆಗಲೇ. ಪಟ್ಟಿ ಎಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನನಗೆ ಅಳು ಬಂತು, ನಾಚಿಕೆಯೂ ಆಯಿತು, ಅದಕ್ಕಿಂತ ದೊಡ್ಡದಾಗಿ ಹೆಮ್ಮೆ ಬಂತು. ನಾನು ಹೆದರಿದ್ದೆ, ಅವಳು ಹೆದರಿರಲಿಲ್ಲ.

"ನಾನು ಕೂಗಿದ್ದು ತಪ್ಪು" ಎಂದೆ. "ಗೋಲು ಉಳಿಸ್ಲಿಕ್ಕೆ ಕೂಗಿದ್ದಲ್ಲ ರೋಹನ್, ನನ್ನ ನೌಕರಿ ಉಳಿಸ್ಲಿಕ್ಕೆ ಕೂಗಿದ್ದು. ಗೆರೆಗೆ ಹೋಗಿದ್ರೆ ಆ ಫಾರ್ವರ್ಡ್ ಕೆಳಗಿಂದ ಹೊಡೆದು ಗೋಲು ಮಾಡ್ತಿದ್ಲು. ಅವಳು ನಿಂತ ಜಾಗ ಸರಿ. ಶರತ್ತು ಶರತ್ತೇ. ನಾನು ಹೋಗ್ತೇನೆ."

ಸೆಕ್ರೆಟರಿ ಏನೋ ಹೇಳಲು ಬಂದರು. ಬಾಲ್ ಇಡುವ ಕೋಣೆಯ ಬೀಗದ ಕೈಯನ್ನು ಅವರ ಅಂಗೈಗೆ ಹಾಕಿದೆ. ಆಮೇಲೆ ಅವರು ಅದಕ್ಕೆ ನಿವೃತ್ತಿ ಎಂದು ಹೆಸರಿಟ್ಟು ನನಗೊಂದು ಶಾಲು ಹೊದಿಸಿದರು. ನನ್ನದೇನೂ ಅಭ್ಯಂತರವಿಲ್ಲ, ಚಳಿಗೆ ಆಗುತ್ತದೆ.

ನಿಮಗೆ ಹೇಳಬೇಕಾದದ್ದು ಇಷ್ಟು. ಈ ಕೆಲಸಕ್ಕೆ ಬಂದ ಮೇಲೆ ನಿಮ್ಮ ಮುಂದೆಯೂ ಒಬ್ಬರು ಗಿಡ್ಡ ಹುಡುಗಿಯನ್ನೋ ಹುಡುಗನನ್ನೋ ತಂದು ನಿಲ್ಲಿಸಿ, ಅಳತೆಯ ಮಾತು ತೆಗೆಯುತ್ತಾರೆ. ಮೊದಲು ಒಂದು ಬಾಲ್ ಹೊಡೆದು ನೋಡಿ. ಆಮೇಲೂ ಬೇಡ ಎನಿಸಿದರೆ ಆ ಮಗುವಿನ ಮುಖ ನೋಡಿ ಹೇಳಿ, ಮೃದುವಾಗಿ ಹೇಳಬೇಡಿ.

ಸೋತ ಆ ಸಂಜೆ ಜೋಗೇಶ್ವರಿ ಸ್ಟೇಷನ್ನಿಗೆ ನಾನೂ ಭಾಗ್ಯಳೂ ನಡೆದು ಬಂದೆವು. ಪ್ಲಾಟ್‌ಫಾರ್ಮಿನಲ್ಲಿ ವಡಾಲಾ ಕಡೆಯ ಲೋಕಲ್ ಕಾಯುತ್ತ ನಿಂತಾಗ ಬ್ಯಾಗಿನ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ಟೀಚರ್, ಗುಸ್ಸಾ ಬಂತೇನು? ನಾ ನಿಮ್ಮ ಮಾತು ಕೇಳಲಿಲ್ಲ."

"ಬಂತು. ಈಗಲೂ ಉಂಟು."

"ಸಾರಿ, ಟೀಚರ್."

"ಸಾರಿ ಗೀರಿ ಎಲ್ಲ ಬೇಡ. ನಾಳೆ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಹಿಂದಿನ ಮೈದಾನಕ್ಕೆ ಬಾ. ಮೇಲಿಂದ ಬರುವ ಬಾಲಿಗೆ ಹಿಂದಕ್ಕೆ ಓಡುದು ಕಲಿಯುವ. ಕ್ಲಬ್ಬಿನವರು ನಿನ್ನನ್ನು ಎಲ್ಲಿ ಬೇಕಾದ್ರೂ ಆಡಿಸ್ಲಿ, ನನ್ನ ಹತ್ತಿರ ನೀನು ಕೀಪರೇ. ನಿಲ್ಲುವ ಜಾಗ ಮಾತ್ರ ಅದೇ. ಇನ್ನೊಮ್ಮೆ ನಾನೇ ಗೆರೆಗೆ ಹೋಗು ಅಂತ ಕೂಗಿದ್ರೂ ಕೇಳ್ಬೇಡ."